ಗೂಟನ ಅರ್ಧ ಗಂಟೆ

ಎದುರಿಗೆ ಅವನನ್ನು ನಾವೆಲ್ಲ ಸಾರ್ ಎಂದು ಕರೆಯುತ್ತಿದ್ದೆವು, ಬೆನ್ನ ಹಿಂದೆ ಗೂಟ. ಆ ಹೆಸರಿಟ್ಟವಳು ನಾನೇ. ಇಂದಿಗೂ ಅದನ್ನು ವಾಪಸು ತೆಗೆದುಕೊಳ್ಳುವ ಮನಸ್ಸಿಲ್ಲ. ಒಂದು ಗೂಟಕ್ಕೆ ಎಷ್ಟು ಹಸು ಬೇಕಾದರೂ ಕಟ್ಟಬಹುದು. ಹಗ್ಗ ಗಿಡ್ಡವಾಗಿದ್ದರೆ ಒಂದರ ಮೂತಿ ಇನ್ನೊಂದಕ್ಕೆ ತಾಗುವುದಿಲ್ಲ. ಅವನು ನಮ್ಮನ್ನು ಹಾಗೆ ಕಟ್ಟಿಹಾಕಿದ್ದ.

ನಮ್ಮದು ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಬೆನ್ನಿಗೆ ಹುಣ್ಣಾಗದ ಹಾಗೆ ಕಾಯುವುದು, ಗಂಟಲಿಗೆ ಸಿಕ್ಕಿಕೊಳ್ಳದ ಹಾಗೆ ಗಂಜಿ ಕುಡಿಸುವುದು. ಮನೆಯವರು ಗೂಟನ ಆಫೀಸಿಗೆ ಫೋನ್ ಮಾಡುತ್ತಿದ್ದರು, ಅವನು ನಮ್ಮನ್ನು ಕಳಿಸುತ್ತಿದ್ದ. ಒಂದು ಮನೆಗೆ ಹಗಲಿಗೊಬ್ಬಳು, ರಾತ್ರಿಗೊಬ್ಬಳು. ಹಗಲಿನವಳು ಸಂಜೆ ಏಳಕ್ಕೆ ಸರಿಯಾಗಿ ಹೊರಡಬೇಕು. ರಾತ್ರಿಯವಳು ಏಳೂವರೆಗೆ ಬರಬೇಕು, ಅದಕ್ಕಿಂತ ಮೊದಲು ಮೆಟ್ಟಿಲು ತುಳಿಯಕೂಡದು. ಬೆಳಿಗ್ಗೆಯೂ ಹೀಗೆಯೇ. ಈ ನಡುವಿನ ಅರ್ಧ ಗಂಟೆಗೆ ಅವನು ಮನೆಯವರ ಹತ್ತಿರ ಚೆಂದದ ಕಾರಣ ಹೇಳುತ್ತಿದ್ದ. ಅದು ಮನೆಯವರ ಸಮಯವಂತೆ. ಹೊರಗಿನವರು ಯಾರೂ ಇಲ್ಲದೆ ಹೆತ್ತವರ ಪಕ್ಕ ಮಕ್ಕಳು ಒಂದಿಷ್ಟು ಹೊತ್ತು ಕೂರಬೇಕಂತೆ. ಕೇಳಿದವರು, ಎಂಥ ದೊಡ್ಡ ಮನಸ್ಸು ಎಂದು ತಲೆದೂಗುತ್ತಿದ್ದರು.

ನಿಜವಾದ ಕಾರಣ ನಮಗೆ ಗೊತ್ತಿತ್ತು. ಹಗಲಿನವಳೂ ರಾತ್ರಿಯವಳೂ ಒಬ್ಬರ ಮುಖ ಒಬ್ಬರು ನೋಡಬಾರದು. ಫೋನ್ ನಂಬರ್ ಕೇಳುವ ಹಾಗಿಲ್ಲ. ಎಲ್ಲಾದರೂ ಇಬ್ಬರು ಮಾತಾಡಿಕೊಂಡದ್ದು ಕಿವಿಗೆ ಬಿದ್ದರೆ ಮರುದಿನವೇ ಒಬ್ಬಳನ್ನು ಊರಿನ ಆ ತುದಿಗೆ ಎತ್ತಿಹಾಕುತ್ತಿದ್ದ. ಅವನಿಗೆ ನಾವೆಲ್ಲರೂ ಗೊತ್ತು, ನಮಗೆ ಅವನೊಬ್ಬನೇ ಗೊತ್ತು. ಅವನ ಬಂಡವಾಳ ಇಷ್ಟೇ. ಆಫೀಸಿನಲ್ಲಿ ಇದ್ದದ್ದು ಒಂದು ಮೇಜು, ಎರಡು ಫೋನು, ಗೋಡೆಗೆ ನಗುವ ನರ್ಸಿನ ಚಿತ್ರ. ಅಂಥ ಬಿಳಿ ಟೋಪಿಯನ್ನು ನಮ್ಮಲ್ಲಿ ಯಾರೂ ತಲೆಗೆ ಇಟ್ಟವರಲ್ಲ.

ಆಗ ನನಗೆ ಸಿಕ್ಕಿದ್ದು ರೈಲ್ವೆಯಲ್ಲಿ ಗಾರ್ಡ್ ಆಗಿದ್ದ ಒಬ್ಬ ತಾತ. ಮಾತು ನಿಂತುಹೋಗಿತ್ತು, ಕಣ್ಣಷ್ಟೇ ಓಡಾಡುತ್ತಿತ್ತು. ತಲೆತುಂಬ ಬೆಳ್ಳಗಿನ ದಟ್ಟ ಕೂದಲು. ನಾನು ಬಲಗಡೆ ಬೈತಲೆ ತೆಗೆದು ನೀಟಾಗಿ ಬಾಚಿ ಬರುತ್ತಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಬೈತಲೆ ಎಡಗಡೆ ಇರುತ್ತಿತ್ತು. ಬಲಕ್ಕೆ ತರುತ್ತಿದ್ದೆ, ಮತ್ತೆ ಎಡಕ್ಕೆ ಹೋಗಿರುತ್ತಿತ್ತು. ಯಾರಪ್ಪ ಈ ಹಟಮಾರಿ ಎಂದು ಮೈ ಉರಿಯುತ್ತಿತ್ತು. ತಾತನಿಗೆ ಮಾತ್ರ ಇದು ಮಜವಾಗಿತ್ತು ಅಂತ ಕಾಣುತ್ತದೆ, ನಾನು ಬಾಚಣಿಗೆ ಎತ್ತಿದ ಕೂಡಲೇ ಅವನ ಕಣ್ಣು ನಗುತ್ತಿತ್ತು. ಕೊನೆಗೆ ಒಂದು ಸಂಜೆ ಬೇಸತ್ತು ನಟ್ಟನಡುವೆ ಬೈತಲೆ ತೆಗೆದು ಬಂದೆ. ಮರುದಿನ ಹೋದರೆ ಅದು ನಡುವೆಯೇ ಇತ್ತು, ಎಣ್ಣೆ ಹಚ್ಚಿ ಇನ್ನೂ ಚೆನ್ನಾಗಿ ಬಾಚಿತ್ತು. ನಾನು ತಾತನ ಮುಂದೆ ಜೋರಾಗಿ ನಕ್ಕುಬಿಟ್ಟೆ. ಮುಖ ನೋಡದ ಆ ಹೆಂಗಸಿಗೆ ಅವತ್ತೇ ಎಡಬೈತಲೆ ಎಂದು ಹೆಸರಿಟ್ಟೆ.

ಅದೇ ವಾರ ನನ್ನ ಅಮ್ಮನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಅಮ್ಮ ನನ್ನ ಒಂದೇ ಕೋಣೆಯ ಮನೆಯಲ್ಲಿ, ಪಕ್ಕದ ಮನೆಯವಳ ಕಣ್ಗಾವಲಿನಲ್ಲಿ ಇದ್ದಳು. ಊರವರ ತಾಯಂದಿರನ್ನೆಲ್ಲ ನೋಡಿಕೊಂಡ ನನಗೆ ಆ ಉಸಿರು ಏನು ಹೇಳುತ್ತಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾತನ ಮನೆ ತಲುಪಿದ್ದೇ ತಡ ಗೂಟನಿಗೆ ಫೋನ್ ಮಾಡಿದೆ. ಇವತ್ತೊಂದು ದಿನ ಯಾರನ್ನಾದರೂ ಬದಲಿ ಕಳಿಸಿ ಸಾರ್, ಅಮ್ಮನ ಹತ್ತಿರ ಇರಬೇಕು ಎಂದು ಬೇಡಿಕೊಂಡೆ. ತಾತನ ಮಗ ಸೊಸೆ ಇಬ್ಬರೂ ಬೆಳಿಗ್ಗೆಯೇ ಪರವೂರಿಗೆ ಹೋಗಿದ್ದರು, ಬರುವುದು ಸಂಜೆಗೇ. ಅವನನ್ನು ಒಬ್ಬನನ್ನೇ ಬಿಟ್ಟು ಬಾಗಿಲೆಳೆದುಕೊಂಡು ಹೋಗುವ ಹಾಗಿರಲಿಲ್ಲ.

"ಬದಲಿ ಇಲ್ಲಮ್ಮ," ಅಂದ ಗೂಟ. "ಪೇಷಂಟನ್ನ ಬಿಟ್ಟು ಹೋಗೋದಾದ್ರೆ ಹೋಗು. ಆದ್ರೆ ಮತ್ತೆ ನನ್ನ ಆಫೀಸ್ ಮೆಟ್ಟಿಲು ಹತ್ತಬೇಡ."

ನಾನು ಹೋಗಲಿಲ್ಲ. ಮಧ್ಯಾಹ್ನ ತಾತನ ಬೆನ್ನು ಒರೆಸುತ್ತ ಸೋಪಿನ ನೀರಿನಲ್ಲಿ ಕೈ ಅದ್ದಿದ್ದಾಗ ಪಕ್ಕದ ಮನೆಯವಳ ಫೋನ್ ಬಂತು. ಅವಳು ಅನ್ನಕ್ಕಿಡಲು ಹೋಗಿದ್ದಳಂತೆ, ಬಂದು ನೋಡುವಷ್ಟರಲ್ಲಿ ಅಮ್ಮ ಇರಲಿಲ್ಲವಂತೆ. ಅಮ್ಮನ ಕೈ ಮಂಚದಿಂದ ಹೊರಗೆ ಚಾಚಿಕೊಂಡಿತ್ತು ಎಂದು ಹೇಳಿದಳು ಪುಣ್ಯಾತ್ಗಿತ್ತಿ. ಆ ಒಂದು ಮಾತನ್ನು ಹೇಳದೆ ನುಂಗಿಕೊಳ್ಳಬಹುದಿತ್ತು.

ಮಣ್ಣು ಮಾಡಿ ಕೆಲಸಕ್ಕೆ ಮರಳಿದ ದಿನ ನಾನು ಏಳಕ್ಕೆ ಹೊರಟವಳು ಮನೆಗೆ ಹೋಗಲಿಲ್ಲ. ಕರೆಂಟ್ ಮೀಟರುಗಳೂ ಮಕ್ಕಳ ಸೈಕಲ್ಲುಗಳೂ ಇದ್ದ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ನಿಂತೆ. ಯಾಕೆ ಎಂದು ನನಗೇ ಗೊತ್ತಿರಲಿಲ್ಲ, ಯಾರಾದರೊಬ್ಬರ ಮುಖ ನೋಡಬೇಕಿತ್ತು. ಏಳೂವರೆಗೆ ಸ್ವಲ್ಪ ಮುಂಚೆ ದೊಡ್ಡ ಮೈಯ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದು, ಗಡಿಯಾರ ನೋಡಿಕೊಂಡು, ಅದೇ ಸಂದಿಗೆ ನುಗ್ಗಿದಳು. ಬೇಗ ಬಂದ ದಿನ ಅವಳೂ ಅಲ್ಲೇ ಅಡಗಿ ನಿಲ್ಲುತ್ತಿದ್ದಳಂತೆ. ನೀನೇನಾ ಎಡಬೈತಲೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಓಹೋ ಬಲಗಡೆಯ ಮಹಾರಾಣಿ ನೀನೋ ಎಂದಳು. ಆಮೇಲೆ ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಎಲ್ಲ ಹೇಳಿದೆ.

"ಅವತ್ತು ನಾನು ಮನೇಲೇ ಬಿದ್ಕೊಂಡಿದ್ದೆ ಕಣೇ," ಅಂದಳು. "ಇಲ್ಲೇ ಹಿಂದಿನ ಬೀದಿ. ಒಂದು ಮಾತು ಹೇಳಿದ್ರೆ ಎದ್ದು ಬರ್ತಿದ್ದೆನಲ್ಲ."

ಬದಲಿ ಇತ್ತು. ಹಿಂದಿನ ಬೀದಿಯಲ್ಲಿ, ಹೊದ್ದು ಮಲಗಿಕೊಂಡು, ತಾತನ ತಲೆಗೂದಲಿನಷ್ಟು ಹತ್ತಿರದಲ್ಲಿ ಇತ್ತು. ನನ್ನ ಅಮ್ಮ ಕೈ ಚಾಚಿಕೊಂಡು ಒಬ್ಬಳೇ ಹೋದದ್ದು ಬದಲಿ ಇರಲಿಲ್ಲ ಎಂದಲ್ಲ, ನನಗೂ ಎಡಬೈತಲೆಗೂ ನಡುವೆ ಅವನು ಒಂದು ಅರ್ಧ ಗಂಟೆಯ ಗೋಡೆ ಕಟ್ಟಿದ್ದ ಎಂದು. ಮೆಟ್ಟಿಲ ಸಂದಿಯಲ್ಲಿ ನಿಂತು ಹಲ್ಲು ಕಡಿದುಕೊಂಡೆ. ಇವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವತ್ತೇ ಗಟ್ಟಿಮಾಡಿಕೊಂಡೆ. ಅವನು ಒಬ್ಬಂಟಿಯಾಗಬೇಕು, ಕರೆದರೆ ಓಗೊಡುವವರಿಲ್ಲದೆ ಕೂರಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು. ನನಗೆ ಬೇಕಾಗಿದ್ದದ್ದು ಇದೊಂದೇ. ಉಳಿದವರಿಗೆ ನಾನು ಏನೇನೋ ಒಳ್ಳೊಳ್ಳೆಯ ಕಾರಣ ಹೇಳಿದೆ, ಅವೂ ಸುಳ್ಳಲ್ಲ ಅನ್ನಿ.

ಇಬ್ಬರಿಂದ ಏನೂ ಆಗುವುದಿಲ್ಲ ಎಂದು ಬೇಗ ಗೊತ್ತಾಯಿತು. ನನಗೆ ಜ್ವರ ಬಂದರೆ ಅವಳು ಹಗಲೂ ರಾತ್ರಿಯೂ ಸಾಯಬೇಕು, ಅವಳಿಗೆ ಬಂದರೆ ನಾನು. ಇಬ್ಬರೂ ಗೂಟನ ಹೆಸರು ಹಿಡಿದು ಬೈಯಬಹುದಿತ್ತು, ಅಷ್ಟೇ. ಮೂರನೆಯವಳು ಪುಟ್ಟಿ. ಸೊಂಟದೆತ್ತರ ಇದ್ದರೂ ಎಮ್ಮೆಯಂಥ ಗಂಡಸರನ್ನು ಹೂವೆತ್ತಿದ ಹಾಗೆ ಎತ್ತಿ ಕೂರಿಸುವವಳು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಎಡಬೈತಲೆಗೆ ಸಿಕ್ಕಿದಳು. ಅವಳು ಬಂದ ಮೇಲೆ ಮೊದಲ ಸಲ ನಮ್ಮಲ್ಲೊಬ್ಬಳು ರಜೆ ಅನ್ನುವ ಪದಾರ್ಥ ತಿಂದಳು. ಉಳಿದಿಬ್ಬರು ಹೇಗೋ ಹಂಚಿಕೊಂಡೆವು, ಮನೆಯವರಿಗೂ ಗೂಟನಿಗೂ ಸುಳಿವು ಹತ್ತಲಿಲ್ಲ.

ನಾನು ಒಂದೇ ಒಂದು ನಿಯಮ ಮಾಡಿದೆ. ಹೊಸದಾಗಿ ಬಂದವಳು ಇರುವವರ ಮನೆಗೆಲ್ಲ ಒಂದೊಂದು ಸಲ ಹೋಗಿ ಚಹಾ ಕುಡಿದು ಬರಬೇಕು. ಕರೆತಂದವಳಿಗೆ ಗೊತ್ತಿದ್ದರೆ ಸಾಲದು, ಎಲ್ಲರಿಗೂ ಎಲ್ಲರೂ ಗೊತ್ತಿರಬೇಕು. ಯಾರ ಮನೆ ಯಾವ ಸಂದಿಯಲ್ಲಿ, ಯಾರ ಗಂಡ ಬಾಗಿಲಲ್ಲೇ ಗೊಣಗುತ್ತಾನೆ, ಯಾರು ಯಾವ ಹೊತ್ತಿಗೆ ಬಿಡುವು, ಎಲ್ಲ. ನಡುವೆ ಯಾರೂ ಗೂಟ ಹೊಡೆದುಕೊಂಡು ಕೂರುವ ಹಾಗಿಲ್ಲ. ನಾಲ್ಕನೆಯವಳು ಮೂರು ಲೋಟ ಚಹಾಕ್ಕೆ ಪಾರಾದಳು. ಹನ್ನೆರಡನೆಯವಳು ಪಾಪ, ಹನ್ನೊಂದು ಮನೆಯ ಹನ್ನೊಂದು ರುಚಿ ಕುಡಿದು ಹೊಟ್ಟೆಯುಬ್ಬರ ಬಂದು ಮಲಗಿದಳು. ಅವಳ ಪಾಳಿಗೆ ಹೋಗಲು ನಾನು ನಾನು ಎಂದು ನಾಲ್ಕು ಜನ ಎದ್ದು ನಿಂತರು. ಆಗ ನಮಗೇ ಆಶ್ಚರ್ಯವಾಯಿತು.

ಬಂದವಳು ತಾನೊಬ್ಬಳೇ ಬರುತ್ತಿರಲಿಲ್ಲ. ಒಬ್ಬಳ ಅಳಿಯ ಆಟೊ ಓಡಿಸುತ್ತಿದ್ದ, ಅವತ್ತಿನಿಂದ ನಮ್ಮೆಲ್ಲರಿಗೂ ಆಟೊ ಆಯಿತು. ಒಬ್ಬಳು ಹೊಡೆಯಲು ಬರುವ ರೋಗಿಗಳನ್ನು ಹಾಡು ಹೇಳಿ ತಣ್ಣಗೆ ಮಾಡುವುದರಲ್ಲಿ ಎತ್ತಿದ ಕೈ, ಅವಳಿಂದ ನಾವೆಲ್ಲ ಕಲಿತೆವು. ನಾನೂ ಹಿಂದೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ವಾರ್ಡಿನಲ್ಲಿ ಕಲಿತಿದ್ದ ಒಂದು ಪಾಠ ಎಲ್ಲರಿಗೂ ಹೇಳಿಕೊಟ್ಟೆ. ನಡುವೆ ಗೂಟನ ಅರ್ಧ ಗಂಟೆ ಬಿಡದೆ ಪಾಳಿ ಬದಲಾಯಿಸುವಾಗ, ರೋಗಿಯ ಮೇಲಿಟ್ಟ ಕೈಯನ್ನು, ಇನ್ನೊಬ್ಬಳ ಕೈ ಬಂದು ಅದೇ ಜಾಗದಲ್ಲಿ ಕೂರುವವರೆಗೆ ತೆಗೆಯಬಾರದು. ಮಗ್ಗುಲಾಗಿ ಮಲಗಿಸಿದವರು ಉರುಳದಿರಲಿ ಎಂದು ಮಾಡಿದ ಪದ್ಧತಿ ಅದು. ಮಾಡುತ್ತ ಮಾಡುತ್ತ ಅದು ನಮ್ಮ ಕೈಗಳಿಗೆ ಅಂಟಿಕೊಂಡಿತು, ಕೂತಿದ್ದ ರೋಗಿಯನ್ನು ಒಪ್ಪಿಸುವಾಗಲೂ ಹಾಗೆಯೇ ಒಪ್ಪಿಸುತ್ತಿದ್ದೆವು.

ಮನೆಯವರಿಗೆ ಬೇಕಾದದ್ದು ಇಷ್ಟೇ, ಕರೆದರೆ ಯಾರಾದರೂ ಬರಬೇಕು. ಗೂಟನಿಗೆ ಫೋನ್ ಮಾಡಿದರೆ ನೋಡೋಣ ಎನ್ನುತ್ತಿದ್ದ, ನಮ್ಮಲ್ಲಿ ಯಾರಿಗೆ ಮಾಡಿದರೂ ಒಬ್ಬಳು ಬಾಗಿಲಿಗೆ ಬಂದಿರುತ್ತಿದ್ದಳು. ಮನೆಗಳು ಒಂದೊಂದಾಗಿ ನಮ್ಮ ಕಡೆ ಜಾರಿದವು. ಅವನ ಹತ್ತಿರ ಉಳಿದಿದ್ದ ಹೆಂಗಸರು, ಅಲ್ಲಿ ಒಬ್ಬಳೇ ಸಾಯುವುದಕ್ಕಿಂತ ಇಲ್ಲಿ ಚಹಾ ಕುಡಿಯುವುದೇ ಮೇಲೆಂದು ಬಂದುಬಿಟ್ಟರು. ಹೆಚ್ಚು ಜನ ಬಂದಷ್ಟೂ ಬರುವವರು ಇನ್ನೂ ಬೇಗ ಬಂದರು. ಕೊನೆಗೆ ಅವನ ಎರಡೂ ಫೋನು ಮೂಕವಾದವು ಎಂದು ಆಫೀಸಿನ ಕೆಳಗಿನ ಝೆರಾಕ್ಸ್ ಅಂಗಡಿಯವನು ಹೇಳಿದ. ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ಹೊಟ್ಟೆ ತುಂಬಲಿಲ್ಲ. ಫೋನು ಸತ್ತರೆ ಸಾಕೇ? ನನ್ನ ಅಮ್ಮನ ಕೈ ಇನ್ನೂ ಹಾಗೇ ಚಾಚಿಕೊಂಡಿತ್ತು.

ಹೀಗಿರುವಾಗ ಗೂಟನ ತಾಯಿಗೆ ಲಕ್ವ ಹೊಡೆಯಿತು. ಬಲಭಾಗವೆಲ್ಲ ಬಿದ್ದುಹೋಯಿತು, ಬುದ್ಧಿ ಮಾತ್ರ ನಿಚ್ಚಳ, ಮಾತು ನಿಧಾನ. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಎಲ್ಲಿಂದಲೋ ಎರಡು ಹುಡುಗಿಯರನ್ನು ಕರೆತಂದನಂತೆ, ಮೈಭಾರದ ಮುದುಕಿಯನ್ನು ಹೊರಳಿಸಲಾರದೆ ಅವರು ಓಟ ಕಿತ್ತರಂತೆ. ಆಮೇಲೆ ಅವನು ನನ್ನ ಮನೆಗೆ ಬಂದ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಕೂತಿದ್ದೆ, ಅವನು ನಿಂತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಮೇಲೆ ಗಂಜಿಯ ಕಲೆ. ಈಗ ನೀವೇ ಅಲ್ಲವೇ ಎಲ್ಲರನ್ನೂ ನಡೆಸುವವರು, ಒಬ್ಬರನ್ನು ಕಳಿಸಿಕೊಡಿ ಎಂದು ಬಹುವಚನ ಹಚ್ಚಿ ಮಾತಾಡಿದ. ಪಾಪ, ಅವನಿಗೆ ಅಷ್ಟೇ ಗೊತ್ತಿದ್ದದ್ದು. ನಾಲ್ಕು ಜನ ಇದ್ದಲ್ಲಿ ನಡುವೆ ಒಂದು ಗೂಟ ಇರಲೇಬೇಕು ಎಂದು ಅವನ ಲೆಕ್ಕ. ಕೇಳಿ ಹೇಳುತ್ತೇನೆ ಎಂದು ಬಾಗಿಲು ಹಾಕಿಕೊಂಡೆ. ಬಾಗಿಲಿಗೆ ಒರಗಿಕೊಂಡು ಮನಸಾರೆ ನಕ್ಕೆ.

ಯಾರೂ ಹೋಗಬಾರದು ಎಂದು ಎಲ್ಲರಿಗೂ ಹೇಳಿ ಕಳಿಸಿದೆ. ಮರುದಿನ ಮಧ್ಯಾಹ್ನ ಪಾರ್ಕಿನ ಬೇಲಿಯ ಪಕ್ಕ ಬಿಡುವಿದ್ದವರೆಲ್ಲ ಸೇರಿದರು. ಪುಟ್ಟಿ ನನ್ನ ಕಡೆ. ನಡೆಯಲಾಗದ ಒಂದು ಮಗು ಅವಳ ಬೆರಳು ಹಿಡಿದು ಹೆಜ್ಜೆ ಇಡುವುದಕ್ಕೆ ಶುರುಮಾಡಿದ ವಾರವೇ, ಸಲಿಗೆ ಜಾಸ್ತಿಯಾಯಿತು ಎಂದು ಗೂಟ ಅವಳನ್ನು ಬೇರೆ ಮನೆಗೆ ಎತ್ತಿಹಾಕಿದ್ದ. ಆ ಸಿಟ್ಟು ಅವಳಲ್ಲಿ ಕೆಂಡದ ಹಾಗೆ ಇತ್ತು. ಆದರೆ ಎಡಬೈತಲೆ ತಲೆಯಾಡಿಸಿದಳು. ಮುದುಕಿಗೆ ಬೆನ್ನು ಹುಣ್ಣಾದರೆ ಅದು ಗೂಟನ ಬೆನ್ನೇ ಎಂದು ಕೇಳಿದಳು. ನಾನು ಬೇಡ ಎಂದರೆ ಬೇಡ ಎಂದು ರೇಗಿದೆ.

"ಬೇಡ ಅನ್ನೋಕೆ ನೀನ್ಯಾರೇ?" ಅಂದಳು ಎಡಬೈತಲೆ, ಸಿಟ್ಟಿಲ್ಲದೆ. "ನಡುವೆ ಯಾರೂ ಕೂರಬಾರದು ಅಂತ ನೀನೇ ಅಲ್ವಾ ಊರೆಲ್ಲ ಚಹಾ ಕುಡಿಸಿದ್ದು?"

ನಾನು ಕಟ್ಟಿದ್ದು ಈಗ ನನ್ನ ಮಾತು ಕೇಳುವಷ್ಟು ಸಣ್ಣದಾಗಿ ಉಳಿದಿರಲಿಲ್ಲ. ಹೋಗುವುದೆಂದೇ ಹೆಚ್ಚಿನವರು ಅಂದರು. ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಸೋತು ಎದ್ದು ಹೋಗುವ ಜಾಯಮಾನ ನನ್ನದಲ್ಲ, ಬೇಲಿಯ ಎಲೆ ಕಿತ್ತು ಹಾಕುತ್ತ ಯೋಚಿಸಿದೆ. ಆಮೇಲೆ ಹೇಳಿದೆ. ಹೋಗೋಣ, ಆದರೆ ಎಲ್ಲರೂ ಹೋಗೋಣ. ಹಗಲಿಗೆ ದಿನಕ್ಕೊಬ್ಬಳು, ಒಮ್ಮೆ ಹೋದವಳು ಉಳಿದವರದೆಲ್ಲ ಮುಗಿಯುವವರೆಗೆ ಮತ್ತೆ ಹೋಗುವುದಿಲ್ಲ. ಕೆಲಸದಲ್ಲಿ ಕೂದಲೆಳೆಯಷ್ಟೂ ಕೊರತೆ ಬೇಡ. ತಲೆ ಬಾಚುತ್ತ, ಕಾಲು ಒತ್ತುತ್ತ, ಅವನು ತನಗೆ ಏನು ಮಾಡಿದ ಅನ್ನುವುದನ್ನು ಪ್ರತಿಯೊಬ್ಬಳೂ ಆ ತಾಯಿಗೆ ಮೆಲ್ಲಗೆ ಹೇಳಬೇಕು. ನಡೆದದ್ದನ್ನಷ್ಟೇ, ಉಪ್ಪು ಖಾರ ಹಚ್ಚದೆ. ಸಂಜೆ ಏಳಕ್ಕೆ ಸರಿಯಾಗಿ ಎದ್ದು ಬರಬೇಕು, ರಾತ್ರಿಯವಳು ಏಳೂವರೆಗೆ ಹೋಗಬೇಕು. ಅವನು ಊರಿಗೆಲ್ಲ ಹಂಚಿದ ಅರ್ಧ ಗಂಟೆ ಅವನ ಮನೆಯಲ್ಲೂ ಇರಲಿ. ಆ ಹೊತ್ತಿನಲ್ಲಿ ತಾಯಿ ಕೇಳುತ್ತಾಳೆ, ಮಗ ಉತ್ತರ ಕೊಡಲಿ.

ಪುಟ್ಟಿ ಚಪ್ಪಾಳೆ ತಟ್ಟಿದಳು. ಎಡಬೈತಲೆ ನನ್ನನ್ನೇ ನೋಡುತ್ತ, ರಾತ್ರಿಗೆಲ್ಲ ತಾನೇ ಹೋಗುತ್ತೇನೆ, ತನಗೆ ಹೇಳಲು ಅಂಥ ಕಥೆ ಇಲ್ಲ ಎಂದಳು.

ಇಬ್ಬರೇ ಇದ್ದಿದ್ದರೆ ಎರಡು ಸಂಜೆಗೆ ಮುಗಿದುಹೋಗುತ್ತಿತ್ತು. ಮಗ ಏನೋ ಸಬೂಬು ಹೇಳುತ್ತಿದ್ದ, ಆ ಹೆಂಗಸರಿಗೆ ತಲೆ ಕೆಟ್ಟಿದೆ ಅಮ್ಮ ಎನ್ನುತ್ತಿದ್ದ, ತಾಯಿ ನಂಬುತ್ತಿದ್ದಳು. ಆದರೆ ನಾವು ಮುಗಿಯುವ ಸಂಖ್ಯೆಯಲ್ಲಿರಲಿಲ್ಲ. ಒಬ್ಬಳು ಹೇಳಿದ್ದಕ್ಕೆ ಮರುದಿನದವಳು ಸಾಕ್ಷಿಯಾಗುತ್ತಿದ್ದಳು, ಅವಳಿಗೆ ಮೂರನೆಯವಳು. ಮಗುವಿಗೆ ಜ್ವರ ಎಂದು ರಜೆ ಕೇಳಿದವಳನ್ನು ಅವನು ಏನಂದ, ನಂಬರ್ ಕೇಳಿದ್ದಕ್ಕೆ ಒಬ್ಬಳನ್ನು ಕಳ್ಳಿ ಎಂದು ಮನೆಮನೆಗೆ ಹೇಗೆ ಸಾರಿದ, ಪುಟ್ಟಿ ಬರದೆ ಹೋದ ಮೇಲೆ ಆ ಮಗು ನಡೆಯುವುದನ್ನೇ ನಿಲ್ಲಿಸಿದ್ದು. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳಂತೆ. ಕೊನೆಗೆ ಒಂದೇ ಮಾತು ಹೇಳುತ್ತಿದ್ದಳಂತೆ, ಸಂಜೆ ಕೇಳ್ತೀನಿ ಎಂದು.

ಬೆಳಿಗ್ಗೆ ಎಡಬೈತಲೆ ಪಾಳಿ ಮುಗಿಸಿ ನನ್ನ ಮನೆ ದಾರಿಯಾಗಿಯೇ ಹೋಗುತ್ತಿದ್ದಳು. ನಾನು ಬಾಗಿಲಲ್ಲೇ ಕಾದಿರುತ್ತಿದ್ದೆ. ಅವನ ಮುಖ ಹೇಗಿತ್ತು ಎಂದು ಕೇಳುತ್ತಿದ್ದೆ. ಮೊದಲ ದಿನ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು, ಮುಖ ಗೋಡೆಯ ಕಡೆ ಮಾಡಿ ಕೂತಿದ್ದನಂತೆ. ಆಮೇಲೊಂದು ದಿನ ಕಣ್ಣು ಕೆಂಪಗಿತ್ತಂತೆ. ಇನ್ನೊಂದು ದಿನ ತಾಯಿ ಜೋರಾಗಿ ಏನೋ ಕೇಳುತ್ತಿದ್ದದ್ದು, ಇವನು ಸಣ್ಣ ದನಿಯಲ್ಲಿ ಹೂಂ ಎಂದದ್ದು ಮೆಟ್ಟಿಲಿಗೆ ಕೇಳಿಸಿತಂತೆ. ನಾನು ಅದನ್ನು ಎರಡೆರಡು ಸಲ ಹೇಳಿಸಿಕೊಂಡೆ. ಕುರ್ಚಿ ಈಗ ಮಂಚದ ಹತ್ತಿರ ಬಂದಿದೆ ಎಂದೂ ಅವಳು ಒಂದು ದಿನ ಹೇಳಿದಳು. ಮುದುಕಿಯ ದನಿ ಇಳಿದಿರಬೇಕು, ಅದಕ್ಕೇ ಹತ್ತಿರ ಬಂದು ಬೈಸಿಕೊಳ್ಳುತ್ತಿದ್ದಾನೆ ಎಂದು ನಾನು ಅರ್ಥಮಾಡಿಕೊಂಡೆ.

ನನ್ನ ಸರದಿಯನ್ನು ನಾನೇ ಕೊನೆಗೆ ಇಟ್ಟುಕೊಂಡಿದ್ದೆ. ಎಲ್ಲರ ಮಾತು ಮುಗಿದ ಮೇಲೆ ನನ್ನದು ಬೀಳಬೇಕು, ಅದಕ್ಕೆ ಅವನ ಹತ್ತಿರ ಉತ್ತರ ಇರಬಾರದು. ಅವತ್ತು ಬೆಳಿಗ್ಗೆ ಒಗೆದ ಸೀರೆ ಉಟ್ಟು ಹೋದೆ. ಬಾಗಿಲು ತೆಗೆದ ಗೂಟ ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ.

ಮುದುಕಿ ತುಂಬ ಇಳಿದುಹೋಗಿದ್ದಳು. ಮೈ ಒರೆಸಿ, ತಲೆ ಬಾಚುತ್ತ, ವರ್ಷಗಳಿಂದ ನಾಲಿಗೆಯ ತುದಿಯಲ್ಲಿಟ್ಟುಕೊಂಡದ್ದನ್ನು ಹೇಳಲು ಬಾಯಿ ತೆರೆದೆ. ಅವಳು ಎಡಗೈಯಿಂದ ನನ್ನ ಮುಂಗೈ ಹಿಡಿದಳು.

"ನೀನು ಅಮ್ಮನ್ನ ಕಳ್ಕೊಂಡವಳು," ಅಂದಳು ನಿಧಾನವಾಗಿ. "ನಿನ್ನ ಕತೆ ಎಲ್ರೂ ಹೇಳಿದಾರೆ ಮಗಾ. ಬಂದವರೆಲ್ಲ ತಮ್ಮದು ಹೇಳಿ, ಆಮೇಲೆ ನಿಂದೂ ಹೇಳಿ ಹೋದ್ರು."

ನನ್ನ ಕೈಯಲ್ಲಿದ್ದ ಬಾಣ ಯಾವತ್ತೋ ಖರ್ಚಾಗಿತ್ತು. ಎಲ್ಲರಿಗೂ ಎಲ್ಲರೂ ಗೊತ್ತಿರಬೇಕು ಎಂದು ಚಹಾ ಕುಡಿಸಿದ್ದರ ಫಲ. ಬಾಚಣಿಗೆ ಹಿಡಿದು ಪೆಚ್ಚಾಗಿ ಕೂತೆ. ಆಗ ಅವಳು, ನಿನ್ನಮ್ಮ ಹೇಗಿದ್ದಳು ಎಂದು ಕೇಳಿದಳು. ಅಮ್ಮ ಹೇಗೆ ಸತ್ತಳು ಎಂದು ಎಲ್ಲರೂ ಕೇಳಿದ್ದರು. ಹೇಗಿದ್ದಳು ಎಂದು ಯಾರೂ ಕೇಳಿರಲಿಲ್ಲ. ಅಮ್ಮನಿಗೆ ಕಣ್ಣು ಮಂಜು, ನನಗೆ ಬೈತಲೆ ತೆಗೆದರೆ ಯಾವಾಗಲೂ ಸೊಟ್ಟ, ಸ್ಕೂಲಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ಅದಕ್ಕೇ ನಾನು ಕಂಡವರ ಬೈತಲೆ ನೆಟ್ಟಗೆ ಮಾಡುತ್ತೇನೆ ಎಂದು ಹೇಳಿದೆ. ಮುದುಕಿ ಅರ್ಧ ಬಾಯಲ್ಲಿ ನಕ್ಕಳು. ನಾನು ಅವಳ ತಲೆಯ ಹಿಂದೆ ಕೂತು ಸದ್ದಿಲ್ಲದೆ ಅತ್ತೆ. ಇವಳ ಹೊಟ್ಟೆಯಲ್ಲಿ ಅವನು ಹೇಗೆ ಹುಟ್ಟಿದ ಎಂದೂ ಅನಿಸಿತು.

ಮಧ್ಯಾಹ್ನದ ಮೇಲೆ ಅವಳ ಉಸಿರು ಬದಲಾಯಿತು. ಆ ಉಸಿರು ನನಗೆ ಗೊತ್ತು. ಡಾಕ್ಟರು ಬಂದು ನೋಡಿ, ಇನ್ನು ಎಲ್ಲಿಗೂ ಎತ್ತಿಕೊಂಡು ಹೋಗಬೇಡಿ ಎಂದು ಅವನ ಬೆನ್ನು ತಟ್ಟಿ ಹೋದರು. ಅವನು ಕೋಣೆಯ ಹೊಸ್ತಿಲಲ್ಲಿ ನಿಂತು, ಒಳಗೂ ಬಾರದೆ ಹೊರಗೂ ಹೋಗದೆ, ಬಾಗಿಲ ಚಿಲಕವನ್ನು ಹಾಕುತ್ತ ತೆಗೆಯುತ್ತ ಇದ್ದ. ಊರಿನ ಅರ್ಧ ರೋಗಿಗಳ ಹೆಸರು ಹೇಳಿ ಬದುಕಿದವನು ಒಬ್ಬರ ಸಾವನ್ನೂ ಹತ್ತಿರದಿಂದ ನೋಡಿರಲಿಲ್ಲ. ಅವನಿಗೆ ಭಯವಾಗಿತ್ತು. ಅದನ್ನು ನೋಡುತ್ತ ನಾನು ಅವನ ತಾಯಿಯ ಕೈ ಹಿಡಿದು ಕೂತಿದ್ದೆ, ಮನಸ್ಸು ಗಡಿಯಾರದ ಮೇಲಿತ್ತು.

ಏಳಾಯಿತು. ನಾನು ಎದ್ದೆ. ಅವನು ಅಡ್ಡ ಬಂದು ನಿಂತ, ಕೈಮುಗಿದ. "ಅರ್ಧ ಗಂಟೆ ಇರಮ್ಮ. ನನಗೆ ಒಬ್ಬನಿಗೇ ಆಗಲ್ಲ. ಯಾರನ್ನಾದ್ರೂ ಕರಿ."

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೋ.

"ಬದಲಿ ಇಲ್ಲ ಸಾರ್," ಅಂದೆ. "ಇದು ಮನೆಯವರ ಸಮಯ."

ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ. ನೆನಪಾಯಿತು, ಎರಡೂ ಮಾತು ಅವನಿಗೆ ನೆನಪಾಯಿತು. ನನಗೆ ಅಷ್ಟು ಸಾಕಿತ್ತು. ಆದರೆ ನನ್ನ ಬಲಗೈ ಇನ್ನೂ ಮುದುಕಿಯ ಕೈಯಲ್ಲಿತ್ತು, ಅದು ಹಾಗೇ ಎದ್ದು ಬರಲಿಲ್ಲ. ರೂಢಿ ನೋಡಿ. ಎಡಗೈಯಿಂದ ಅವನ ಮಣಿಕಟ್ಟು ಹಿಡಿದು ಎಳೆದು, ಕುರ್ಚಿಗೆ ಕೂರಿಸಿ, ಅವನ ಕೈಯನ್ನು ತಾಯಿಯ ಕೈಯ ಕೆಳಗೆ ಸರಿಯಾಗಿ ಕೂರಿಸಿದ ಮೇಲೆಯೇ ನನ್ನದನ್ನು ತೆಗೆದೆ. ಅವಳ ಬೆರಳು ಅವನ ಬೆರಳನ್ನು ಸುತ್ತಿಕೊಂಡವು. ನಾನು ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದೆ.

ಕೆಳಗೆ ಎಡಬೈತಲೆ ಯಥಾಪ್ರಕಾರ ಬೇಗ ಬಂದು ನಿಂತಿದ್ದಳು. ಹೇಗಿದ್ದಾಳೆ ಎಂದಳು. ಇವತ್ತೇ, ಇನ್ನೇನು ಈಗಲೇ ಎಂದೆ. ಅವಳು ಮೇಲೆ ಹೋಗಲು ಹೆಜ್ಜೆ ಎತ್ತಿದಳು, ನಾನು ಅವಳ ಸೆರಗು ಹಿಡಿದೆ. ಅರ್ಧ ಗಂಟೆ ಆಗಲಿ, ಒಬ್ಬನೇ ಅನುಭವಿಸಲಿ, ಮುಖ ನೋಡಬೇಕಿತ್ತು ನೀನು, ಕೈಮುಗಿದ ಎಂದು ಹೇಳುತ್ತ ಹೋದೆ. ಕೈಯನ್ನು ಹೇಗೆ ಎಳೆದು ಇಟ್ಟೆ ಎಂದೂ ಹೇಳಿದೆ. ಹೇಳುತ್ತ ನಗುತ್ತಿದ್ದೆ.

ಅವಳು ನಗಲಿಲ್ಲ. "ಅಂದ್ರೆ ಈಗ ಅವಳ ಕೈ ಅವನ ಕೈಯಲ್ಲಿದೆ," ಅಂದಳು. "ಅವಳು ಹೋಗೋವಾಗ ಮಗ ಪಕ್ಕದಲ್ಲಿದಾನೆ. ನೀನು ಅವತ್ತು ಬೇಡಿದ್ದು ಇಷ್ಟೇ ಅಲ್ವೇನೇ?"

ಕುರ್ಚಿ ಮಂಚದ ಹತ್ತಿರ ಬಂದದ್ದು ಯಾಕೆ ಎಂದು ಆಗ ಹೊಳೆಯಿತು. ಇಷ್ಟೂ ಸಂಜೆ ನಾನು ಅವನಿಗೆ ಶಿಕ್ಷೆ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಊರಿನ ಹೆಂಗಸರನ್ನೆಲ್ಲ ಒಟ್ಟು ಹಾಕಿ, ಮನೆಮನೆಯ ಚಹಾ ಕುಡಿಸಿ, ಇಷ್ಟು ದೊಡ್ಡ ಬಲೆ ನೇಯ್ದು, ನನಗೆ ಸಿಗದೆ ಹೋದ ಅರ್ಧ ಗಂಟೆಯನ್ನು ಬೆಣ್ಣೆ ಹಚ್ಚಿ ಅವನ ಕೈಗೆ ನಾನೇ ಇಟ್ಟು ಬಂದಿದ್ದೆ.

ಓಡಿದೆ. ಪಾಪಪ್ರಜ್ಞೆಯಿಂದಲ್ಲ, ತಪ್ಪು ತಿಳಿಯಬೇಡಿ. ಅದನ್ನು ಅವನಿಂದ ಕಿತ್ತುಕೊಳ್ಳಲು ಓಡಿದೆ. ಏಳು ಮೇಲೆ, ಹೊರಗೆ ಹೋಗು, ನಾನು ಕೂರುತ್ತೇನೆ, ನೀನು ಬಾಗಿಲಾಚೆ ನಿಲ್ಲು ಎನ್ನಲು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಹಿಂದಿನಿಂದ ಎಡಬೈತಲೆ ಬೇಡ ಕಣೇ ಎಂದು ಕೂಗಿದ್ದು ಕೇಳಿಸಿತು.

ಕೋಣೆಯಲ್ಲಿ ಉಸಿರಿನ ಸದ್ದು ನಿಂತಿತ್ತು. ಮುದುಕಿಯ ಮುಖ ಮಗನ ಕಡೆ ಹೊರಳಿತ್ತು, ಕೈ ಅವನ ಕೈಯೊಳಗೇ ಇತ್ತು. ಹೊರಗೆ ಚಾಚಿಕೊಂಡಿರಲಿಲ್ಲ. ಅವನು ತಲೆ ಎತ್ತಿ ನನ್ನನ್ನು ನೋಡಿದ. ಆ ಕಣ್ಣಲ್ಲಿ ನಾನು ಬೇಕೆಂದಿದ್ದ ಸಂಕಟವೆಲ್ಲ ಇತ್ತು.

"ನನ್ನೊಬ್ಬನನ್ನೇ ಬಿಟ್ಟು ಹೋದ್ಯಲ್ಲಮ್ಮ," ಅಂದ. "ಇಂಥ ಹೊತ್ತಲ್ಲಿ. ಇದಕ್ಕಿಂತ ದೊಡ್ಡ ಸೇಡು ಇದೆಯಾ?"

ಹೇಳಿಬಿಡಬಹುದಿತ್ತು. ಲೋ, ನಿನಗೆ ಸಿಕ್ಕಿದ್ದೇನು ಗೊತ್ತೇನೋ ಎಂದು ಕೊರಳಪಟ್ಟಿ ಹಿಡಿದು ಅಲುಗಾಡಿಸಬಹುದಿತ್ತು. ಬಾಯಿಗೆ ಬಂದದ್ದನ್ನು ನುಂಗಿದೆ. ಹತ್ತಿರ ಹೋಗಿ ಮುದುಕಿಯ ಬೈತಲೆ ಸರಿಮಾಡಿ ಕೆಳಗಿಳಿದು ಬಂದೆ.

ಅವನು ಈಗಲೂ ಕಂಡಕಂಡವರ ಹತ್ತಿರ ಅದನ್ನೇ ಹೇಳಿಕೊಂಡು ತಿರುಗುತ್ತಾನೆ. ತಾಯಿ ಸಾಯುವಾಗ ಆ ಹೆಂಗಸರು ನನ್ನನ್ನು ಒಬ್ಬನನ್ನೇ ಬಿಟ್ಟು ಹೋದರು ಎಂದು ಕಣ್ಣೊರೆಸಿಕೊಳ್ಳುತ್ತಾನಂತೆ. ಅವನು ಯಾವ ಮನೆಯ ಜಗಲಿಯಲ್ಲಿ ಕೂತು ಹೇಳಿದರೂ ಆ ಮನೆಯೊಳಗೆ ನಮ್ಮವಳೊಬ್ಬಳು ಇದ್ದೇ ಇರುತ್ತಾಳೆ, ಸಂಜೆಯೊಳಗೆ ನಮ್ಮೆಲ್ಲರಿಗೂ ಸುದ್ದಿ ಮುಟ್ಟುತ್ತದೆ. ಹೊಸದಾಗಿ ಸೇರಿದವಳು ನನ್ನ ಮನೆಗೆ ಚಹಾಕ್ಕೆ ಬಂದಾಗ ಇದನ್ನೆಲ್ಲ ಹೇಳುತ್ತೇನೆ. ಎಲ್ಲಾದರೂ ಸಿಕ್ಕಿ ಅಳುತ್ತ ಹೇಳಿದರೆ ಅಯ್ಯೋ ಪಾಪ ಅನ್ನು, ಸಮಾಧಾನ ಮಾಡು, ಆದರೆ ಅವನಿಗೆ ಸಿಕ್ಕಿದ್ದೇನು ಎಂದು ಮಾತ್ರ ತಿಳಿಸಿಕೊಡಬೇಡ ಎನ್ನುತ್ತೇನೆ. ನಮ್ಮಲ್ಲಿ ಎಲ್ಲರಿಗೂ ಅದು ಗೊತ್ತು, ಅವನಿಗೊಬ್ಬನಿಗೆ ಗೊತ್ತಾಗಬಾರದು.